ತಾರಾಳ ಪಕ್ಕದ ಕೋಣೆ

ಚೆಂಬೂರು ಸ್ಟೇಶನ್ನಿನ ಹೊರಗೆ ಒಂದು ಕಬ್ಬಿನ ಹಾಲಿನ ಅಂಗಡಿ ಇದೆ. ಮಳೆ ಹಿಡಿದರೆ ಅದರ ಗಾಣ ನಿಲ್ಲುತ್ತದೆ. ಆದರೆ ಬೇಸಿಗೆಯ ಕೊನೆಯ ಸಿಪ್ಪೆಯ ರಾಶಿಯನ್ನು ಯಾರೂ ಕೂಡಲೇ ಎತ್ತುವುದಿಲ್ಲ. ಅದು ಗೋಡೆಯ ಪಕ್ಕದಲ್ಲೇ ನೆನೆದು, ಹುಳಿತು, ಬೆಚ್ಚಗಾಗಿ, ಸಿಹಿಯೂ ಅಲ್ಲದ ಕೊಳೆತದ್ದೂ ಅಲ್ಲದ ಒಂದು ವಾಸನೆ ಬಿಡುತ್ತದೆ. ಮೊನ್ನೆ ಲೋಕಲ್ ಇಳಿದು ಬಂದು ಕೊಡೆ ಬಿಚ್ಚುವಾಗ ಆ ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಹುಡುಗಿಯೊಬ್ಬಳು "ಆಂಟಿ, ಚಲೋ ನಾ" ಅಂತ ಬದಿಗೆ ಸರಿಸಿ ಹೋದಳು. ನಾನು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಒಳಗೆ ನಡುಕ ಇದೆಯೇ ಎಂದು ನೋಡಿಕೊಂಡೆ. ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ಸಲ ನೋಡಿಕೊಳ್ಳುತ್ತೇನೆ.

ಆ ನಡುಕ ಬಂದದ್ದು ಅವ್ವ ತೀರಿಕೊಂಡ ವರ್ಷ. ಅಪ್ಪ ವಿಜಯಪುರದ ಕಡೆಯಿಂದ ಬಂದು ಪರೇಲಿನ ಮಿಲ್ಲಿಗೆ ಸೇರಿದವನು. ಅಲ್ಲಿಯ ಚಾಳಿನ ಒಂದೇ ಖೋಲಿಯಲ್ಲಿ ನಾವು ಅಷ್ಟೂ ಮಂದಿ ಬೆಳೆದೆವು. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಪಕ್ಕದವರೂ ಬದಲಿಸಬೇಕು. ಮುಂದೆ ನಾನು ಆರ್ಕಿಟೆಕ್ಟ್ ಆದೆ, ಫೋರ್ಟ್‌ನ ಒಂದು ಆಫೀಸಿನಲ್ಲಿ ಕೆಲಸ. ಹೆಚ್ಚಾಗಿ ಆಸ್ಪತ್ರೆಗಳ ವಾರ್ಡು ವಿನ್ಯಾಸ ಮಾಡುತ್ತಿದ್ದೆ. ಅಪ್ಪ ಹೋದ ಮೇಲೆ, ಅಣ್ಣಂದಿರು ತಮ್ಮ ತಮ್ಮ ಸಂಸಾರ ಹಿಡಿದ ಮೇಲೆ, ಅವ್ವನನ್ನು ಕರೆದುಕೊಂಡು ಚೆಂಬೂರಿನ ಫ್ಲ್ಯಾಟಿಗೆ ಬಂದೆ. ಮೊದಲ ದಿನ ಅವಳು ಖಾಲಿ ಹಾಲ್‌ನ ನಡುವೆ ನಿಂತು, "ಇಷ್ಟ ದೊಡ್ಡ ಮನಿಯಾಗ ಯಾರ್ನರ ಕರದ್ರ ಕೇಳಸ್ತೈತೇನ?" ಎಂದಿದ್ದಳು. ಹೋಳಿ ಹುಣ್ಣಿಮೆಯ ಆಚೀಚೆ ಅವಳು ಹೋದಳು. ಒಳಗಿನ ಕೋಣೆ ಅವಳದು. ಅದರ ಬಾಗಿಲು ಎಳೆದುಕೊಂಡು ನಾನು ಹಾಲ್‌ನಲ್ಲಿ ಮಲಗತೊಡಗಿದೆ.

ಜೂನ್ ತಿಂಗಳ ಮೊದಲ ಮಳೆಗೆ ಆ ಕೆಲಸ ಬಂತು. ಉಪನಗರಗಳ ಬಡಗಣ ಅಂಚಿನಲ್ಲಿ, ಗುಡ್ಡದ ಬುಡಕ್ಕೆ, ಒಂದು ಟ್ರಸ್ಟಿನವರು ನಡೆಸುವ ಸಣ್ಣ ಪ್ರಾಣಿಸಂಗ್ರಹಾಲಯ. ಹೆಸರು ಬೇಡ. ಅಲ್ಲಿ ಇದ್ದದ್ದು ಒಂದೇ ಆನೆ, ತಾರಾ. ಮಳೆಗಾಲದಲ್ಲಿ ಅದರ ಅಂಗಳ ಕೆಸರಿನ ಹೊಂಡವಾಗುವುದರಿಂದ ಆನೆಯನ್ನು ಹೆಚ್ಚುಕಡಿಮೆ ನಾಲ್ಕೂ ತಿಂಗಳು ಒಳಗೇ ಇಡಬೇಕು. ಇದ್ದ ಮನೆ ಹಳೆಯದಾಗಿತ್ತು. ಹೊಸದಕ್ಕೆ ಮೂರು ಕಡೆಯಿಂದ ವಿನ್ಯಾಸಗಳು ಬಂದಿದ್ದವು. ಯಾವುದು ಒಳ್ಳೆಯದೆಂದು ಹೇಳಲು ಮೂವರ ಸಮಿತಿ: ಟ್ರಸ್ಟಿನ ಅಧ್ಯಕ್ಷ ದಲಾಲ್ ಸಾಹೇಬರು, ಅಲ್ಲಿ ಪಶುವೈದ್ಯರಾಗಿದ್ದು ನಿವೃತ್ತರಾದ ಡಾಕ್ಟರ್ ಸುವರ್ಣ, ಮತ್ತೆ ನಾನು. ಆನೆಯ ಬಗ್ಗೆ ನನಗೇನೂ ತಿಳಿಯದು ಎಂದೆ. ದಲಾಲ್ ಸಾಹೇಬರು ನಕ್ಕು, "ಆನೆ ಡಾಕ್ಟರಿಗೆ ಗೊತ್ತು. ನಮಗೆ ದಿನಾ ತೊಳೆಯುವ ನೆಲ ಗೊತ್ತಿರುವವರು ಬೇಕು" ಎಂದರು.

ಮೊದಲ ಸಲ ಹೋದಾಗ ಬಾಗಿಲಲ್ಲೇ ಆ ವಾಸನೆ ಎದುರಾಯಿತು. ನೆನೆದ ಕಬ್ಬಿನ ಸೋಗೆ, ಹುಲ್ಲು, ಉಚ್ಚೆ. ತಗಡಿನ ಮಾಡಿನ ಉದ್ದನೆಯ ಕಟ್ಟಡ, ಒಳಗೆ ಎರಡು ಕೋಣೆ. ನಡುವೆ ನನ್ನ ಸೊಂಟದೆತ್ತರದ ಗೋಡೆ, ಅದರ ಮೇಲೆ ಮಾಡಿನವರೆಗೆ ದಪ್ಪ ಕಬ್ಬಿಣದ ಕೊಳವೆಗಳು. ಒಂದು ಕೋಣೆಯಲ್ಲಿ ತಾರಾ ನಿಂತಿದ್ದಳು. ಇನ್ನೊಂದು ಖಾಲಿ. ನಾನು ಮೊದಲು ಖಾಲಿ ಕೋಣೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಮಟ್ಟಗೋಲು ಇಟ್ಟೆ. ಅದರ ಗಾಜಿನೊಳಗಿನ ಗಾಳಿಗುಳ್ಳೆ ಓಡಿ ಹೋಗಿ ಒಂದು ತುದಿಗೆ ಕೂತಿತು.

"ಎಂತ ನೋಡುದು ಮೇಡಂ ನೀವು?" ಎಂದು ಕನ್ನಡದಲ್ಲಿ ಕೇಳಿದರು, ಬಾಗಿಲಲ್ಲಿ ನಿಂತಿದ್ದ ಉದ್ದ ಕೊಡೆಯ ಮುದುಕರು. ಅವರೇ ಡಾಕ್ಟರ್ ಸುವರ್ಣ, ಉಡುಪಿ ಕಡೆಯವರು.

"ನೆಲ ಇಳಿಜಾರ ಐತ್ರಿ. ಬಚ್ಚಲಿಗೆ ಕೊಡೋ ಇಳಿಜಾರಿದು. ದಿನಾ ಇದರ ಮ್ಯಾಲೆ ನಿಂದ್ರೂದಂದ್ರ..."

"ತೊಳೀಲಿಕ್ಕೆ ಸುಲಭ ಆಗ್ಲಿ ಅಂತ ಮಾಡಿದ್ದು. ನೀರು ಹರಿದು ಹೋಗ್ಬೇಕಲ್ಲ" ಎಂದವರು ಕೊಡೆಯ ತುದಿಯಿಂದ ತಾರಾಳತ್ತ ತೋರಿಸಿದರು. "ಅವಳ ಹಿಂಗಾಲು ನೋಡಿ. ಎಡದ್ದು. ಭಾರ ಹಾಕುದೇ ಇಲ್ಲ."

ತಾರಾ ನಮ್ಮ ಕಡೆ ನೋಡಲಿಲ್ಲ. ಹಿಂದಿನ ಗೋಡೆಗೆ ಮುಖ ಮಾಡಿ, ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತ ನಿಂತಿದ್ದಳು. ಖಾಲಿ ಕೋಣೆ ಯಾಕಿದೆ ಎಂದು ಕೇಳಿದ್ದಕ್ಕೆ ಡಾಕ್ಟರು, "ಅದು ಗೋದಾಳದ್ದು" ಎಂದಷ್ಟೇ ಹೇಳಿ ಕೊಡೆ ಬಿಚ್ಚಿದರು.

ವಿನ್ಯಾಸಗಳನ್ನು ಫೋರ್ಟ್‌ನಲ್ಲಿ ಟ್ರಸ್ಟಿನ ಆಫೀಸಿನ ಉದ್ದ ಮೇಜಿನ ಮೇಲೆ ಹರಡಿ ನೋಡಿದೆವು. ಮೊದಲನೆಯದರಲ್ಲಿ ಒಂದಿಡೀ ಗೋಡೆ ಗಾಜಿನದು. ಮಳೆಯಲ್ಲೂ ಜನ ಹೊರಗೆ ನಿಂತು ಆನೆಯನ್ನು ನೋಡಬಹುದು. ಎರಡನೆಯದರಲ್ಲಿ ಸಿಮೆಂಟಿನ ಮರಗಳು, ಗೋಡೆಗೆ ಕಾಡಿನ ಚಿತ್ರ. ಮೂರನೆಯದನ್ನು ಅಂಧೇರಿಯ ಒಬ್ಬ ಹೊಸ ಆರ್ಕಿಟೆಕ್ಟ್ ಕಳಿಸಿದ್ದಳು. ನೋಡಲು ಏನೂ ಅಲ್ಲದ ಕಟ್ಟಡ. ಆದರೆ ನೆಲಕ್ಕೆ ಆಳವಾಗಿ ಮರಳು ತುಂಬಿಸಿದ್ದಳು. ಬೆಳಕು ಎತ್ತರದಿಂದ ಬಂದು ದಿನ ಸರಿದಂತೆ ಜಾಗ ಬದಲಿಸುವಂತೆ ಮಾಡಿದ್ದಳು. ಮೇವು ಬೇರೆ ಬೇರೆ ಎತ್ತರದಲ್ಲಿ ತೂಗುಹಾಕಿ ಆನೆ ಹುಡುಕಿ ತಿನ್ನುವಂತೆ ಇಟ್ಟಿದ್ದಳು. ಜನರ ಕಣ್ಣಿಗೆ ಬೀಳದ ಒಂದು ಮೂಲೆ ಇತ್ತು, ಆನೆ ತಾನೇ ತಳ್ಳಿಕೊಂಡು ಹೋಗಬಹುದಾದ ಬಾಗಿಲಿತ್ತು. ಇಷ್ಟು ಮನಸ್ಸಿಟ್ಟು ಬರೆದ ನಕಾಶೆಯನ್ನು ನಾನು ಮನುಷ್ಯರ ಆಸ್ಪತ್ರೆಗೂ ನೋಡಿರಲಿಲ್ಲ.

ದಲಾಲ್ ಸಾಹೇಬರಿಗೆ ಗಾಜು ಇಷ್ಟವಾಗಿತ್ತು. "ಕಾಗದದ ಮೇಲೆ ಮೂರೂ ಚೆನ್ನಾಗಿವೆ ಮೇಡಂ. ಆನೆಯನ್ನು ಕೇಳೋಕಾಗತ್ತಾ?" ಎಂದು ಹಿಂದಿಯಲ್ಲಿ ಹೇಳಿ ನಕ್ಕರು.

ಹೊಸ ವಾರ್ಡು ಮುಗಿದಾಗಲೆಲ್ಲ ರೋಗಿಯ ಹಾಸಿಗೆಯ ಮೇಲೆ ನಾನೇ ಮಲಗಿ ನೋಡುವುದು ನನ್ನ ಅಭ್ಯಾಸ. ಮೇಲಿನ ದೀಪ ಕಣ್ಣಿಗೆ ಚುಚ್ಚುತ್ತದೆಯೇ, ಬಾಗಿಲು ಕಾಣುತ್ತದೆಯೇ, ಕರೆದರೆ ಯಾರಿಗಾದರೂ ಕೇಳುತ್ತದೆಯೇ ಎಂದು. ಅದನ್ನು ಹೇಳಿ, "ಹಳೇ ಮನೆಯಲ್ಲಿ ಒಂದು ದಿನ ಕೂತು ನೋಡ್ತೀನಿ. ಆಮೇಲೆ ಅಂಕ ಕೊಡ್ತೀನಿ" ಎಂದೆ. ದಲಾಲ್ ಸಾಹೇಬರು ತಮಾಷೆ ಅಂದುಕೊಂಡರು. ಡಾಕ್ಟರು ಮಾತ್ರ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀವು ಕೂರುದಾದ್ರೆ ನಾನು ಬರ್ತೇನೆ. ಒಳಗೆ ಅಲ್ಲ ಮಾರಾಯ್ರೆ, ಹೊರಗೆ ಕುರ್ಚಿ ಹಾಕಿ ಕೂರ್ತೇನೆ."

ಪ್ರಾಣಿಸಂಗ್ರಹಾಲಯಕ್ಕೆ ವಾರದ ರಜೆ ಇದ್ದ ದಿನ ಹೋದೆವು. ಡಾಕ್ಟರು ಖಾಲಿ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಸೊಂಡಿಲು ಇಲ್ಲಿವರೆಗೆ ಬರುತ್ತದೆ, ದಾಟಬೇಡಿ ಎಂದರು. ಮಾವುತ ಬಬನ್ ಹೊರಗಿನಿಂದ ಕಬ್ಬಿಣದ ಬಾಗಿಲು ಎಳೆದ. ಆ ಸದ್ದಿಗೆ ಪಕ್ಕದಲ್ಲಿ ತಾರಾಳ ಕಿವಿಗಳು ಒಮ್ಮೆ ಬಡಿದುಕೊಂಡು ನಿಂತವು.

ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ತಗಡಿನ ಕೆಳಗೆ ಅದು ಮಳೆಯ ಸದ್ದಲ್ಲ, ಯಾರೋ ಜಲ್ಲಿಕಲ್ಲು ಸುರಿದಂತೆ. ಬೆಳಕು ಬೂದಿಯ ಬಣ್ಣದ್ದು, ಬೆಳಿಗ್ಗೆ ಇದ್ದಷ್ಟೇ ಮಧ್ಯಾಹ್ನಕ್ಕೂ. ಸ್ವಲ್ಪ ಹೊತ್ತಿಗೇ ಇಳಿಜಾರಿಗೆ ನನ್ನ ಹಿಮ್ಮಡಿ ನೋಯತೊಡಗಿತು. ಬೇರೆ ಕಡೆ ನಿಲ್ಲೋಣ ಎಂದರೆ ಎಲ್ಲಾ ಕಡೆಯೂ ಅದೇ. ಬಬನ್ ಬಂದು ತಾರಾಳಿಗೆ ಸೋಗೆ ಹಾಕಿದ. ಅದು ಬೇಗ ಮುಗಿಯಿತು. ಅದಾದ ಮೇಲೆ ಅವಳಿಗೆ ಮಾಡಲು ಏನೂ ಇರಲಿಲ್ಲ. ನನಗೂ ಇರಲಿಲ್ಲ. ಚಾಳಿನ ಖೋಲಿ ಇದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಅಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಣ್ಣಂದಿರು ಜಗಳ ಆಡುತ್ತಿದ್ದರು, ಗೋಡೆಯಾಚೆ ಯಾರದೋ ರೇಡಿಯೊ. ಜಾಗ ಸಾಲದು ಎಂದು ಅತ್ತದ್ದಿದೆ. ಹೊತ್ತು ಹೋಗದು ಎಂದು ಎಂದೂ ಅತ್ತಿರಲಿಲ್ಲ.

ಮಧ್ಯಾಹ್ನ ಕಳೆದು ಮಳೆ ಸ್ವಲ್ಪ ಹಿಂದೆಗೆದಾಗ ನನ್ನ ಎದೆ ನಡುಗಿತು. ಭಯದಿಂದಲ್ಲ. ಎದೆಯ ಮೂಳೆಯ ಹಿಂದೆ ಏನೋ ಕಂಪಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಜನರೇಟರ್ ಇರಬೇಕು ಅಂದುಕೊಂಡೆ. ಗೋಡೆ ಮುಟ್ಟಿದೆ, ಗೋಡೆಯೂ ನಡುಗುತ್ತಿತ್ತು. ತಿರುಗಿ ನೋಡಿದರೆ ತಾರಾ ತೂಗುವುದನ್ನು ನಿಲ್ಲಿಸಿದ್ದಳು. ಬೆಳಗಿನಿಂದ ಹಿಂದಿನ ಗೋಡೆ ನೋಡುತ್ತಿದ್ದವಳು ಈಗ ಕೊಳವೆಗಳಿಗೆ ಹಣೆ ಹಚ್ಚಿ ನನ್ನ ಕೋಣೆಯ ಕಡೆ ಮುಖ ಮಾಡಿ ನಿಂತಿದ್ದಳು. ಬಾಯಿ ಮುಚ್ಚಿತ್ತು. ಸದ್ದೇನೂ ಇರಲಿಲ್ಲ.

"ಡಾಕ್ಟರ್ರ!" ಎಂದು ಕೂಗಿದೆ.

ಅವರು ಬಾಗಿಲ ಸಂದಿಯಿಂದ ಒಳಗೆ ಬಂದರು. ನೋಡಿದರು. ಗೋಡೆಯ ಮೇಲೆ ಅಂಗೈ ಇಟ್ಟರು.

"ಮಾತಾಡ್ತಾ ಇದ್ದಾಳೆ" ಎಂದರು ಪಿಸುದನಿಯಲ್ಲಿ. "ಇದು ಕಿವಿಗೆ ಸಿಗುದಿಲ್ಲ. ಅಷ್ಟು ಕೆಳಗಿನ ಸ್ವರ. ಆನೆಗೆ ಆನೆ ಹೇಳುದು ಹೀಗೆ."

"ಯಾರಿಗ್ರಿ?"

ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದ ಮೇಲೆ ಹೇಳಿದರು. ಗೋದಾ, ತಾರಾ ಇಬ್ಬರೂ ಮರಿಗಳಾಗಿ ಒಟ್ಟಿಗೆ ಬಂದವರು. ಒಂದು ಮಳೆಗಾಲದಲ್ಲಿ ಗೋದಾ ಆ ಕೋಣೆಯಲ್ಲಿ ಬಿದ್ದಳು, ಏಳಲಾಗಲಿಲ್ಲ. ಕ್ರೇನಿನ ಪಟ್ಟಿ ಹಾಕಿ ಎತ್ತಿದರೂ ಕಾಲು ಊರಲಿಲ್ಲ. "ಇವಳು ಈಚೆಯಿಂದ ಸೊಂಡಿಲು ಹಾಕಿ ಅವಳ ಕಿವಿ ಹಿಡ್ಕೊಂಡೇ ಇದ್ದಳು. ಅವಳು ಹೋದ ಮೇಲೂ ಕರೀತಾ ಇದ್ದಳು, ಗೋಡೆ ಹೀಗೆ ನಡುಗ್ತಿತ್ತು. ಮತ್ತೆ ಒಂದು ದಿನ ನಿಲ್ಲಿಸಿದಳು. ಆಮೇಲೆ ಇವತ್ತೇ."

ಎಷ್ಟೋ ವರ್ಷಗಳ ನಂತರ ಆ ಕೋಣೆಯ ಬಾಗಿಲು ತೆರೆದು, ಮುಚ್ಚಿ, ಒಳಗೊಂದು ಜೀವ ಇಡೀ ದಿನ ಉಸಿರಾಡಿತ್ತು. ತಾರಾ ಅದನ್ನು ಕೇಳಿಸಿಕೊಂಡಿದ್ದಳು.

ಸಂಜೆ ನಾವು ಹೊರಟಾಗ ಅವಳ ಸೊಂಡಿಲು ಕೊಳವೆಗಳ ನಡುವಿಂದ ಸೀಮೆಸುಣ್ಣದ ಗೆರೆಯವರೆಗೂ ಚಾಚಿತ್ತು.

ಮರುದಿನದಿಂದ ಬಬನ್‌ನ ಫೋನು ಬರತೊಡಗಿತು. "ಮೇಡಂ, ಕಾಹೀಚ್ ಖಾತ್ ನಾಹೀ." ಏನೂ ತಿನ್ನುತ್ತಿಲ್ಲ, ಆ ಕೋಣೆಯ ಕಡೆಗೇ ನಿಂತಿದ್ದಾಳೆ ಎಂದ. ಆಮೇಲೆ ಡಾಕ್ಟರೇ ಮಾಡಿದರು. "ನೀವೊಮ್ಮೆ ಬಂದು ಹೋಗಿ. ಎಂತ ಮಾಡುದು ಅಂತ ನನಗೂ ಗೊತ್ತಾಗುದಿಲ್ಲ."

ಹೋದೆ. ಈ ಸಲ ಖಾಲಿ ಕೋಣೆಯಲ್ಲಿ ಗೆರೆಯ ಹತ್ತಿರಕ್ಕೇ ಹೋಗಿ ನಿಂತೆ. ಡಾಕ್ಟರು ಬೇಡ ಎನ್ನಲಿಲ್ಲ. ತಾರಾಳ ಸೊಂಡಿಲಿನ ತುದಿ ನನ್ನ ಭುಜ, ಕೊರಳು, ಕೂದಲು ಮುಟ್ಟಿತು. ಒದ್ದೆಯಾಗಿ, ಬಿಸಿಯಾಗಿತ್ತು. ಒಂದು ಉದ್ದನೆಯ ಉಸಿರು ಎಳೆದುಕೊಂಡಳು. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಕಂಡಿತು. ಸೊಂಡಿಲು ಸಾವಕಾಶ ಹಿಂದೆ ಹೋಯಿತು. ಅವಳು ಕುಂಟುತ್ತ ತಿರುಗಿ, ಹಿಂದಿನ ಗೋಡೆಗೆ ಮುಖ ಮಾಡಿ ನಿಂತು, ತಲೆ ತೂಗಲು ಶುರುಮಾಡಿದಳು. ಆ ಸಂಜೆ ಸೋಗೆ ತಿಂದಳಂತೆ. ಬಬನ್ ಖುಷಿಯಿಂದ ಫೋನು ಮಾಡಿ ಹೇಳಿದ. ನನಗೆ ಖುಷಿಯಾಗಲಿಲ್ಲ.

ಮನೆಗೆ ಬಂದು ದೀಪ ಹಾಕಿದೆ. ಅವ್ವನ ಕೋಣೆಯ ಬಾಗಿಲು ತೆರೆದೆ. ಮಂಚ, ಗೋಡೆಗೆ ಒರಗಿಸಿದ ಊರುಗೋಲು, ಮಳೆಗಾಲದ ತೇವಕ್ಕೆ ಬೂಸಲು ಹಿಡಿದ ಅವಳ ಚಪ್ಪಲಿ. ಹೊಸ್ತಿಲಲ್ಲಿ ನಿಂತು ಒಮ್ಮೆ, "ಅವ್ವಾ" ಎಂದೆ. ಗಟ್ಟಿಯಾಗಿಯೇ ಅಂದೆ. ಆಮೇಲೆ ಬೆಚ್ಚಿಬಿದ್ದೆ. ಕರೆದದ್ದಕ್ಕಲ್ಲ, ಕರೆದು ಉತ್ತರ ಬರಲೆಂದು ಬಾಯಿ ಮುಚ್ಚಿ ನಿಂತಿದ್ದಕ್ಕೆ.

ಜುಲೈ ಕೊನೆಗೆ ಸಮಿತಿ ಮತ್ತೆ ಸೇರಿತು. ಮೂರನೆಯದೇ ಎಲ್ಲಕ್ಕಿಂತ ಒಳ್ಳೆಯ ವಿನ್ಯಾಸ, ಅದರಲ್ಲಿ ತಪ್ಪು ಹುಡುಕಲಾರೆ ಎಂದೆ. ಡಾಕ್ಟರು ತಲೆಯಾಡಿಸಿದರು. ದಲಾಲ್ ಸಾಹೇಬರೂ ಗಾಜಿನ ಆಸೆ ಬಿಟ್ಟಂತೆ ಪೆನ್ನು ತೆಗೆದರು. "ಆದರೆ ಅದನ್ನೂ ಕಟ್ಟಬಾರದು" ಎಂದೆ. "ಒಂದೇ ಆನೆಗೆ ಯಾವ ಮನೆಯೂ ಬೇಡ. ಬೇರೆ ಆನೆಗಳಿರುವ ಕಡೆ ಅವಳನ್ನು ಕಳಿಸಬೇಕು."

ಮೊದಲು ಸಿಟ್ಟಾದವರು ಡಾಕ್ಟರು.

"ಎಂತ ಹೇಳ್ತೀರಿ ನೀವು? ಆ ಕಾಲು ಇಟ್ಕೊಂಡು ಲಾರಿಯಲ್ಲಿ? ದಾರಿಯಲ್ಲಿ ಬಿದ್ರೆ? ಗೋದಾನ್ನ ಎತ್ತಲಿಕ್ಕೆ ಆಗ್ಲಿಲ್ಲ ನಮಗೆ. ಇವಳನ್ನ ಹೈವೇಯಲ್ಲಿ ಎತ್ತುದು ಯಾರು?"

"ನೀವ ಹೇಳಿದ್ರಿ, ಆಕಿ ಮಾತಾಡಿದ್ಲು ಅಂತ. ಈ ನಕಾಶೆದಾಗ ಆಕಿಗೆ ಓ ಅನ್ನೋರು ಎಲ್ಲಿ ಅದಾರ್ರಿ, ತೋರಸ್ರಿ."

ಅವರು ಎದ್ದು ಹೊರಗೆ ಹೋದರು. ಕೊಡೆ ಮೇಜಿನ ಬದಿಗೇ ಉಳಿದಿತ್ತು. ಅದನ್ನು ಹಿಡಿದು ಇಳಿದು ಹೋದೆ. ಬೀದಿಯ ತಿರುವಿನ ಉಡುಪಿ ಹೋಟೆಲಿನಲ್ಲಿ, ಊಟದ ಹೊತ್ತಿನ ಗದ್ದಲದಲ್ಲಿ, ಅವರು ಒಬ್ಬರೇ ಕೂತಿದ್ದರು. ಎದುರಿನ ಕಾಫಿ ಕೆನೆಗಟ್ಟಿತ್ತು. ನಾನು ಕೂತೆ. ಮಾಣಿ ಬಂದು ಹೋದ. ಆಮೇಲೆ ಅವರೇ ಶುರುಮಾಡಿದರು.

"ನನಗೆ ಗೊತ್ತುಂಟು ನೀವು ಹೇಳುದು ಸರಿ ಅಂತ. ಗೋದಾ ಹೋದಾಗಲೇ ಹೇಳ್ಬೇಕಿತ್ತು ನಾನು. ಆದ್ರೆ ರಿಟೈರ್ ಆದ ಮೇಲೂ ದಿನಾ ಬೆಳಿಗ್ಗೆ ಟ್ರೇನ್ ಹತ್ತಿ ಅಲ್ಲಿಗೆ ಹೋಗ್ತೇನೆ. ಅವಳು ಹೋದ್ರೆ ಮತ್ತೆ ನಾನು ಎಲ್ಲಿಗೆ ಹೋಗುದು?"

ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು ಅವರಿಗೆ. ಮಕ್ಕಳಿರಲಿಲ್ಲ. ಈ ಊರಿನಲ್ಲಿ ಅವರನ್ನು ಗುರುತು ಹಿಡಿಯುವ ಮುಖಗಳಲ್ಲಿ ದೊಡ್ಡದು ಆ ಆನೆಯದೇ ಎಂದು ನನಗೆ ಆಗ ಹೊಳೆಯಿತು.

"ಆಕಿ ಜೋಡಿ ನೀವೂ ಹೋಗ್ರಿ" ಎಂದೆ.

ಅವರು ನನ್ನನ್ನು ನೋಡಿದರು. ತಣ್ಣಗಾದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು, ಕೊಡೆ ತೆಗೆದುಕೊಂಡು, ಮೇಲೆ ಬಂದು ತಾರಾಳನ್ನು ಕಳಿಸುವ ಶಿಫಾರಸಿಗೆ ಸಹಿ ಹಾಕಿದರು. ಇಬ್ಬರು ಒಂದಾದ ಮೇಲೆ ದಲಾಲ್ ಸಾಹೇಬರು ತಡೆಯಲಿಲ್ಲ. "ಆನೆ ಇಲ್ಲದ ಮೇಲೆ ಜನ ಯಾಕೆ ಬರ್ತಾರೆ" ಎಂದು ಒಮ್ಮೆ ಗೊಣಗಿದರಷ್ಟೆ. ಅಂಧೇರಿಯ ಹುಡುಗಿಗೆ ನಾನೇ ಫೋನು ಮಾಡಿ ತಿಳಿಸಿದೆ. ಅವಳು "ಮೇಡಂ, ಆ ಮನೆಗೆ ನಾನೂ ಎರಡನೇ ಆನೆ ಬರೆದಿದ್ದೆ. ಟ್ರಸ್ಟಿನವರು ಕೊಟ್ಟ ಬ್ರೀಫಿನಲ್ಲಿ ಆನೆ ಒಂದೇ ಅಂತಿತ್ತು, ಅಳಿಸಿದೆ" ಎಂದಳು.

ಪರವಾನಗಿಗಳು ಬರುವಷ್ಟರಲ್ಲಿ ಮಳೆ ಕಳೆಯಿತು. ದಕ್ಷಿಣದಲ್ಲಿ, ನದಿಯ ದಂಡೆಯ ಒಂದು ಆಶ್ರಯಧಾಮದಲ್ಲಿ ಜಾಗ ಸಿಕ್ಕಿತು, ಅಲ್ಲಿ ಬೇರೆ ಆನೆಗಳಿದ್ದವು. ನವರಾತ್ರಿಯ ಒಂದು ಬೆಳಿಗ್ಗೆ ಲಾರಿ ಬಂತು, ನೆಲಕ್ಕೆ ಮರಳು ಹಾಸಿಕೊಂಡು. ತಾರಾ ಹಲಗೆ ಹತ್ತಲು ಒಪ್ಪಲಿಲ್ಲ. ಬೆಲ್ಲ ತೋರಿಸಿದರು, ಬಾಳೆಹಣ್ಣು ತೋರಿಸಿದರು. ಬಬನ್ ಕಿವಿಯ ಹಿಂದೆ ಕೈಯಿಟ್ಟು ಮರಾಠಿಯಲ್ಲಿ ಏನೇನೋ ಹೇಳಿದ. ಅವಳು ಹಿಂದೆ ಸರಿದು ಸರಿದು ಗೋದಾಳ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೊನೆಗೆ ಡಾಕ್ಟರು ತಾವೇ ಲಾರಿ ಹತ್ತಿ, ಒಳಗೆ ಮರಳಿನ ಮೇಲೆ ಕೂತುಬಿಟ್ಟರು. ಕರೆಯಲೂ ಇಲ್ಲ. ಬಿಸಿಲು ಏರಿದ ಮೇಲೆ ತಾರಾ ಒಂದೊಂದೇ ಕಾಲು ಇಟ್ಟು ಹತ್ತಿದಳು.

ಲಾರಿ ಹೋದ ಮೇಲೆ ಕಟ್ಟಡದ ಒಳಗೆ ಹೋಗಿ ನಿಂತೆ. ಈಗ ಎರಡೂ ಕೋಣೆ ಖಾಲಿ. ಯಾವುದು ಯಾರದು ಎಂದು ಹೇಳಲು ಗೋಡೆಯ ಮೇಲೆ ತಾರಾಳ ಹಣೆ ತಿಕ್ಕಿ ಕಪ್ಪಾದ ಜಾಗ ಒಂದಿತ್ತು, ಅಷ್ಟೆ. ನಾನು ಹೆಚ್ಚು ಹೊತ್ತು ನಿಲ್ಲಲಾರದೆ ಹೊರಬಂದೆ.

ಅವರು ತಲುಪಿದ ಸುದ್ದಿ ಬಂತು. ಡಾಕ್ಟರು ಅಲ್ಲಿಯೇ ಹತ್ತಿರದ ಊರಿನಲ್ಲಿ ಒಂದು ಕೋಣೆ ಹಿಡಿದರು. ಆಗಾಗ ಫೋನು ಮಾಡುತ್ತಿದ್ದರು. ಕಾಲಿನ ಬಾವು ಇಳಿದಿದೆ, ಕೆಸರಲ್ಲಿ ಮಲಗುತ್ತಾಳೆ. ಆದರೆ ಬೇರೆ ಆನೆಗಳ ಹತ್ತಿರ ಹೋಗುವುದಿಲ್ಲ, ಅವು ಬಂದರೆ ತಿರುಗಿ ನಿಲ್ಲುತ್ತಾಳೆ. ನಾವು ತಡಮಾಡಿದೆವೋ ಏನೋ ಎಂದರು ಒಮ್ಮೆ. ಚಳಿಗಾಲ ಪೂರ್ತಿ ಆ ಮಾತು ನನ್ನನ್ನು ಕಾಡಿತು.

ಬೇಸಿಗೆ ಶುರುವಿನ ಒಂದು ಸಂಜೆ, ನಾನು ಆಫೀಸಿನಿಂದ ಬಂದು ಬೀಗ ತೆಗೆಯುತ್ತಿದ್ದಾಗ ಅವರ ಫೋನು ಬಂತು. ಏದುಸಿರು ಬಿಡುತ್ತಿದ್ದರು.

"ಮೇಡಂ, ಮಾತಾಡ್ತಾ ಇದ್ದಾಳೆ. ನಾನು ಬದಿಯಲ್ಲೇ ನಿಂತಿದ್ದೇನೆ, ನನ್ನ ಎದೆ ನಡುಗ್ತಾ ಉಂಟು. ತಡೀರಿ, ಫೋನ್ ಹತ್ರ ಹಿಡೀತೇನೆ."

ಗಾಳಿಯ ಸದ್ದು. ಯಾವುದೋ ಹಕ್ಕಿ. ಅವರ ಉಸಿರು.

"ಕೇಳಿಸ್ತಾ?"

"ಇಲ್ರಿ ಡಾಕ್ಟರ. ಅದು ಫೋನಿನ್ಯಾಗ ಬರೂದಿಲ್ಲ. ಯಾರ ಜೋಡಿ ಮಾತಾಡಾಕತ್ಯಾಳ?"

"ಅದೇ ಗೊತ್ತಾಗುದಿಲ್ಲ. ಉಳಿದವೆಲ್ಲ ಹೊಳೆ ಕಡೆ ಹೋಗಿದ್ದಾವೆ. ಇಲ್ಲಿ ಇವಳೊಬ್ಬಳೇ. ಎದುರಿಗೆ ಎಂತದೂ ಇಲ್ಲ, ಬಯಲು."

ನಾನು ಬೀಗದ ಕೈ ಹಿಡಿದುಕೊಂಡೇ ನಿಂತಿದ್ದೆ. ಗೋದಾ ಎಂದು ಹೇಳಲು ನಾಲಿಗೆಯ ತುದಿಗೆ ಬಂತು, ಹೇಳಲಿಲ್ಲ. ಅವರೂ ಹೇಳಲಿಲ್ಲ. ಫೋನು ಇಡಲೂ ಇಲ್ಲ. ಇಬ್ಬರೂ ಹಾಗೇ ಕಾದೆವು. ಮೆಟ್ಟಿಲ ಮೇಲೆ ಯಾರೋ ಹತ್ತಿ ಹೋದರು.

ಆಗ, ಬಹಳ ದೂರದಲ್ಲಿ, ಫೋನಿನ ಆ ಗರಗರದ ಆಚೆಯಿಂದ, ಒಂದು ಘೀಳು ಎದ್ದಿತು. ಈ ಸಲ ನನ್ನ ಕಿವಿಗೂ ಕೇಳಿಸಿತು.

"ಅದು ತಾರಾನ್ರಿ?"

ಫೋನಿನಲ್ಲಿ ಡಾಕ್ಟರ ಹೆಜ್ಜೆಯ ಸದ್ದು ಕೇಳಿಸಿತು, ನಿಂತಿತು.

"ಅಲ್ಲ" ಎಂದರು. "ಹೊಳೆ ಕಡೆಯಿಂದ ಬಂತು."